ಇಪ್ಪತ್ತೊಂದರ ಸೂಜಿ

ಮಡಗಾಂವದಲ್ಲಿ, ಬೇಕರಿಯ ಮೇಲಿನ ಮೂರನೇ ಮಾಳಿಗೆಯಲ್ಲಿ
ನಮಗೆ ಮೊದಲು ಕೊಟ್ಟದ್ದು ಒಂದು ರಬ್ಬರಿನ ತೋಳು.
ಭುಜವಿಲ್ಲ, ಮೈಯಿಲ್ಲ.
ಹಿಂದಿನ ಬ್ಯಾಚಿನವರು ಯಾರೋ ಅದರ ಉಗುರಿಗೆ
ಗುಲಾಬಿ ಬಣ್ಣ ಹಚ್ಚಿಟ್ಟಿದ್ದರು.
ಒಳಗೆ ಕೆಂಪು ಶಾಯಿಯ ನೀರು.
ಚುಚ್ಚಿದರೆ ಅಳುವುದಿಲ್ಲ;
ನೂರು ಸಲ ಚುಚ್ಚಿಸಿಕೊಂಡ ಜಾಗ ಮಾತ್ರ
ಸಾಣಿಗೆಯ ಹಾಗೆ ಜಿನುಗುತ್ತದೆ.

ಪಿಯೆದಾದ್ ಮಿಸ್ ಹಾಜರಿ ಕೂಗುತ್ತಾಳೆ: ‘ಉಲ್ಗೆಮಾ!’
ಹುಲಿಗೆಮ್ಮ ಎಂದು ಮೂರು ದಿನ ತಿದ್ದಿದೆ.
ನಾಲ್ಕನೇ ದಿನ ಉಲ್ಗೆಮಾಳೇ ಎದ್ದು ನಿಂತಳು.

‘ಕಣ್ಣಿಂದ ಹುಡುಕಬೇಡಿ,’ ಅನ್ನುತ್ತಾಳೆ ಮಿಸ್,
‘ಕಾಣುವ ನರ ಮೋಸಗಾರ.
ಬೆರಳಿಟ್ಟರೆ ಪುಟಿಯುತ್ತದಲ್ಲ, ಅದನ್ನು ನಂಬಿ.’

ನನಗಿದು ಗೊತ್ತಿತ್ತು, ಬೇರೆ ಹೆಸರಿನಲ್ಲಿ.
ಅಪ್ಪ ಝುವಾರಿನಗರದ ನೀರಿನ ವಾಲ್ವ್ ಬಿಡುವವನು.
ನಸುಕಿನ ನಾಲ್ಕಕ್ಕೆ ಚಪ್ಪಲಿ ಕಳಚಿ
ಕೆಂಪು ಮಣ್ಣಿನ ಮೇಲೆ ಬರಿಗಾಲಿಡುತ್ತಾನೆ.
‘ಇಲ್ಲಿ ಹೊಂಟೈತಿ ನೋಡು. ಇಲ್ಲಿ ಬರೇ ಗಾಳಿ.’
ನಕ್ಷೆ ಆಫೀಸಿನಲ್ಲಿದೆ,
ಪೈಪು ಅವನ ಹಿಮ್ಮಡಿಯಲ್ಲಿ.

ಒಂದೇ ಕೈಯಿಂದ ಪಟ್ಟಿ ಬಿಡಿಸುವುದನ್ನು
ಕದಂಬಾ ಬಸ್ಸಿನಲ್ಲಿ ಕಲಿತೆ,
ಎದುರು ಸೀಟಿನ ಕಂಬಿಗೆ ಕಟ್ಟಿ, ಬಿಚ್ಚಿ, ಕಟ್ಟಿ.
ಟಿಕೆಟ್ಟಿಗೂ ಮುಂಚೆ ಕಂಡಕ್ಟರು ಕೇಳಿದ,
ಬಸ್ಸಿಗೇನು ಜ್ವರವೇ ಬಾಯಿ?

ಟ್ಯೂಬುಗಳಿಗೂ ಸರದಿಯುಂಟು, ತಪ್ಪಿದರೆ ರಿಪೋರ್ಟೇ ಸುಳ್ಳು:
ತಿಳಿನೀಲಿ, ಕೆಂಪು, ಹಳದಿ, ಹಸಿರು, ನೇರಳೆ, ಬೂದಿ.
ಆನ್ಸೆಲ್ಮಾ ಅದಕ್ಕೆ ಇಂಗ್ಲಿಷಿನಲ್ಲೊಂದು ಪ್ರಾಸ ಕಟ್ಟಿಕೊಂಡಳು.
ನಾನು ರಾತ್ರಿ ಕೌದಿಯ ಮೇಲೆ ಬೆರಳಾಡಿಸಿದೆ.
ತಿಳಿನೀಲಿ ಅಣ್ಣನ ಸಾಲಿ ಅಂಗಿ,
ಕೆಂಪು ಅವ್ವನ ಮದುವೆಯದು,
ಹಳದಿ, ಹಸಿರು ಯಾರು ಕೊಟ್ಟದ್ದೋ ಅವ್ವನಿಗೂ ನೆನಪಿಲ್ಲ,
ನೇರಳೆ ನನ್ನ ಲಂಗ,
ಬೂದಿ, ಫ್ಯಾಕ್ಟರಿ ಬಿಡಿಸಿದಾಗ
ಅಪ್ಪ ವಾಪಸು ಕೊಡದೆ ಉಳಿಸಿಕೊಂಡ ಯೂನಿಫಾರ್ಮು.

ಮೂರನೇ ವಾರ ಒಬ್ಬರ ಕೈ ಒಬ್ಬರಿಗೆ.
ಆನ್ಸೆಲ್ಮಾಳ ಕೈಯಲ್ಲಿ ಎರಡು ಸಲ ತಪ್ಪಿದೆ.
ಅವಳು ಬಯ್ಯಲಿಲ್ಲ. ಮರುದಿನ
ನೀಲಿಗಟ್ಟಿದ ಜಾಗದ ಸುತ್ತ ಪೆನ್ನಿನಿಂದ ಗೆರೆಯೆಳೆದು
ನನ್ನ ಹೆಸರು ಬರೆದುಕೊಂಡು ಬಂದಳು,
ಎಚ್ ಇಲ್ಲದೆ.

ನೋಯುವ ಮೊದಲು ಹೇಳುವ ಮಾತನ್ನೂ ಕಲಿಸಿದರು:
ಮಾತ್ಶೆಂ ತೊಪ್ತಲೆಂ. ಥೋಡಾ ಸಾ ಚುಭೇಗಾ.
ಇಂಗ್ಲಿಷಿನದು ಗೋಡೆಗೇ ಅಂಟಿಸಿದೆ.
ಕನ್ನಡದ್ದು ಏನೆಂದು ಯಾರೂ ಕೇಳಲಿಲ್ಲ.

ಇವತ್ತು ಬೆಂಚಿನ ತುಂಬ ಕಟ್ಟಡದ ಕೆಲಸದವರು,
ಕಾರ್ಡಿಗೆ ಮುಂಚೆ ಮಲೇರಿಯಾ ತಪಾಸಣೆ.
ಹನ್ನೊಂದನೆಯವನು. ಸಿಮೆಂಟಿಗೆ ಬಿರಿದ ಅಂಗೈ,
ಮೊಣಕೈ ಮಡಿಕೆಯ ಹತ್ತಿರ ಹಚ್ಚೆಯ ಕನ್ನಡ: ಶಾಂತವ್ವ.
ಪಟ್ಟಿ ಬಿಗಿದೆ. ಏನೂ ಕಾಣಲಿಲ್ಲ.
ಬೆರಳಿಟ್ಟೆ.
ವ್ವ ಅಕ್ಷರದ ಒತ್ತಿನಿಂದ ಒಂದು ಬೆರಳು ಕೆಳಗೆ
ನೀರು ಹೊಂಟಿತ್ತು.

ನಾಲಗೆಗೆ ಮೊದಲು ಬಂದದ್ದು ಕೊಂಕಣಿಯೇ, ಅಭ್ಯಾಸ.
ಆಮೇಲೆ, ‘ಇರುವಿ ಕಡದಂಗ ಆಕ್ಕೈತಿ, ಅಷ್ಟ.’
ಸೂಜಿ ನೋಡುತ್ತಿದ್ದವನು ನನ್ನ ಮುಖ ನೋಡಿದ.
‘ಯಾವೂರವ್ವ ನಿಂದು?’
ಅಷ್ಟರಲ್ಲಿ ಸೂಜಿ ಒಳಗಿತ್ತು.

ನೇರಳೆ ಮುಚ್ಚಳದ ಟ್ಯೂಬು ತುಂಬುತ್ತ ಬಂತು.
ರೋಣ ಅಂದರೆ ಅದು ಅಪ್ಪನ ಊರು,
ನಾನು ನೋಡಿದ್ದು ಎರಡು ಸಲ.
ಝುವಾರಿನಗರ ಅಂದರೆ
ಅದನ್ನು ಊರು ಅಂತ ಯಾರು ಬರೆದುಕೊಳ್ಳುತ್ತಾರೆ?
‘ಮುಷ್ಟಿ ಬಿಡ್ರಿ,’ ಅಂದೆ.
ಬಿಟ್ಟ. ಒಳಗೆ ಟೋಕನ್ ಚೀಟಿ,
ಬೆವರಿಗೆ ನಂಬರು ಅಳಿಸಿಹೋಗಿತ್ತು.

ಹತ್ತಿ ಒತ್ತಿ, ಲೇಬಲ್ಲಿಗೆ ಹೆಸರು ಕೇಳಿದೆ.
‘ಹುಲಗಪ್ಪ.’
ಎಚ್ ಬರೆದೆ, ದೊಡ್ಡದಾಗಿ,
ಉಳಿದದ್ದಕ್ಕೆ ಜಾಗ ಸಾಲಲಿಲ್ಲ.